ಬಿಸಿಲಿಗೆ ಬೆಂದ ತತ್ತಿಗಳು

ಹಳಿಯಾಳದ ಪೇಟೆಯಲ್ಲಿ ನಮ್ಮ ತಂದೆಯದು ಕಾಳುಕಡಿಯ ಅಂಗಡಿ. ಬೆಳಿಗ್ಗೆ ಲಿಂಗಪೂಜೆ ಆಗದೆ ಮನೆಯಲ್ಲಿ ಯಾರೂ ಚಹಾ ಕೂಡ ಮುಟ್ಟುವಂತಿರಲಿಲ್ಲ. ಅಂಥ ಮನೆಯ ಮಗಳು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಸಂಶೋಧನೆ ಮಾಡುತ್ತೇನೆಂದು ಹೊಳೆಯ ಮೀನು ಹಿಡಿದು ಅಳೆಯಲು ಹೊರಟಳು. ಅಜ್ಜಿಗೆ ಅದು ಕೊನೆಯವರೆಗೂ ಸರಿಬರಲಿಲ್ಲ. ನಾನು ಸಂಜೆ ಮನೆಗೆ ಬಂದರೆ ಹಿತ್ತಲ ಬಾಗಿಲಲ್ಲೇ ತಡೆದು, ತಲೆಯ ಮೇಲೆ ಬಿಸಿನೀರು ಸುರಿದು, ಉಟ್ಟ ಸೀರೆಯನ್ನು ಬೇರೆ ಬುಟ್ಟಿಗೆ ಹಾಕಿಸಿ, ಆಮೇಲೆ ಒಳಗೆ ಬಿಡುತ್ತಿದ್ದಳು. ಅಪ್ಪ ಮಾತ್ರ ತಕ್ಕಡಿಯಿಂದ ಕಣ್ಣೆತ್ತದೆ, "ಹೊಳ್ಯಾಗಿನ ಮೀನಾ ನೋಡಾಕ ಸರ್ಕಾರ ಪಗಾರ ಕೊಡತೈತಿ ಅಂದ್ರ ನೋಡ್ಲಿ ಬಿಡ. ನಮ್ಮ ಗಂಟೇನ ಹೋಗತೈತಿ?" ಎನ್ನುತ್ತಿದ್ದ.

ಅದು ಎಪ್ಪತ್ತರ ದಶಕದ ಕೊನೆಯ ಮಾತು. ಮೇಲೆ ಸೂಪಾದಲ್ಲಿ ಕಾಳಿ ನದಿಗೆ ಅಣೆಕಟ್ಟು ಏಳುತ್ತಿತ್ತು. ಅದು ತುಂಬುವುದರೊಳಗೆ ಹೊಳೆಯಲ್ಲಿ ಏನೇನಿದೆ ಎಂದು ಒಮ್ಮೆಯಾದರೂ ನೋಡಿಡಬೇಕು ಎಂದು ನಮ್ಮ ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ದಿಲ್ಲಿಯವರೆಗೆ ಓಡಾಡಿ ಒಂದು ಯೋಜನೆ ತಂದಿದ್ದರು. ಅವರ ಕೈಕೆಳಗೆ ನಾನು ಸಂಶೋಧನಾ ವಿದ್ಯಾರ್ಥಿನಿ. ಹೊಳೆಯ ಬೇರೆ ಬೇರೆ ಕಡೆ ನೀರು ತುಂಬಿಕೊಂಡು ಅದರಲ್ಲಿ ಎಷ್ಟು ಆಮ್ಲಜನಕ ಕರಗಿದೆ ಎಂದು ನೋಡುವುದು, ಕಲ್ಲಿನ ಅಡಿ ಅಂಟಿಕೊಂಡಿರುವ ಹುಳಗಳನ್ನು ಹೆಕ್ಕುವುದು, ಮೀನು ಅಳೆದು ಮತ್ತೆ ನೀರಿಗೆ ಬಿಡುವುದು, ಒಂದೆರಡರ ಹೊಟ್ಟೆ ಸೀಳಿ ಏನು ತಿಂದಿವೆ ಎಂದು ನೋಡುವುದು, ಇವು ನನ್ನ ಕೆಲಸ. ಇವೆಲ್ಲಕ್ಕಿಂತ ಪ್ರೊಫೆಸರ ಜೀವ ಇದ್ದದ್ದು ಒಂದು ಕುಲದ ಹಕ್ಕಿಗಳ ಮೇಲೆ. ಕನ್ನಡದ ಪುಸ್ತಕಗಳು ಅವನ್ನು ರೀವ ಎನ್ನುತ್ತವೆ. ಹೊಳೆದಂಡೆಯ ಊರು ಮೌಳಂಗಿಯ ಕಡೆಯವರು ಬರೀ ಹೊಳೆಹಕ್ಕಿ ಎನ್ನುತ್ತಿದ್ದರು. ಬಿಳಿ ಮೈ, ಕರಿ ಟೋಪಿ, ಕವಲು ಬಾಲ, ಕಿತ್ತಳೆ ಇಲ್ಲವೆ ಹಳದಿ ಕೊಕ್ಕು. ಕಡಲ ಹಕ್ಕಿಗಳದೇ ಕುಲ, ಆದರೆ ಕೆಲವು ಜಾತಿಯವು ಕಡಲು ಬಿಟ್ಟು ಹೊಳೆಯನ್ನು ನೆಚ್ಚಿಕೊಂಡಿವೆ. ಕರಾವಳಿಯ ಬಂಡೆಗಳ ಮೇಲೆ ಮೊಟ್ಟೆಯಿಡುವ ರೀವಗಳನ್ನು ಪ್ರೊಫೆಸರು ವರ್ಷಗಟ್ಟಲೆ ನೋಡಿದ್ದರು. ಒಳನಾಡಿನ ಈ ಬಂಧುಗಳು ಇನ್ನೂ ಬೇಗ ಅಳಿಯುತ್ತಿವೆ, ಅದರಲ್ಲೂ ಕಪ್ಪು ಹೊಟ್ಟೆಯ ರೀವ ನಮ್ಮ ಕಣ್ಣೆದುರೇ ಇಲ್ಲವಾಗುತ್ತದೆ ಎಂದು ಅವರು ಎಲ್ಲ ಸಭೆಗಳಲ್ಲೂ ಹೇಳುತ್ತಿದ್ದರು. ಹೇಳುವಾಗ ಅವರ ದನಿ ನಡುಗುತ್ತಿತ್ತು. ಆ ನಡುಕ ಸುಳ್ಳಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ಅವರ ಬಗ್ಗೆ ಒಳ್ಳೆಯದು ಹೆಚ್ಚಿಲ್ಲ.

ದಾಂಡೇಲಿಯಿಂದ ಮೌಳಂಗಿಯ ಕಡೆ ನಡೆದರೆ ಹೊಳೆ ಒಂದು ಕಡೆ ಅಗಲವಾಗಿ ಹರಡಿಕೊಳ್ಳುತ್ತದೆ. ಚಳಿಗಾಲ ಕಳೆದು ನೀರು ಇಳಿದ ಹಾಗೆ ನಡುವೆ ಬಂಡೆಗಳು ಏಳುತ್ತಿದ್ದವು, ಬಂಡೆಗಳ ಬೆನ್ನಿಗೆ ಮರಳಿನ ಒಂದು ದಿಬ್ಬ. ರೀವಗಳು ಮೊಟ್ಟೆಯಿಡುತ್ತಿದ್ದದ್ದು ಆ ದಿಬ್ಬದ ಮೇಲೆ. ಗೂಡು ಎಂದರೆ ಕಡ್ಡಿಯಿಲ್ಲ, ಹುಲ್ಲಿಲ್ಲ. ಮರಳಿನಲ್ಲಿ ಎದೆಯೊತ್ತಿ ಮಾಡಿದ ಒಂದು ಗುಳಿ, ಅದರಲ್ಲಿ ಮರಳಿನದೇ ಬಣ್ಣದ ಚುಕ್ಕೆ ಚುಕ್ಕೆಯ ಮೊಟ್ಟೆಗಳು. ದಿಬ್ಬದ ತುಂಬ ಹೊಳೆರೀವಗಳು, ಒಂದು ಅಂಚಿಗೆ ಕೆಲವೇ ಜೋಡಿ ಕಪ್ಪು ಹೊಟ್ಟೆಯವು.

ಹಕ್ಕಿ ಮೊಟ್ಟೆಗೆ ಕಾವು ಕೊಡುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಏಪ್ರಿಲ್ ತಿಂಗಳ ಹೊಳೆಯ ಮರಳಿನಲ್ಲಿ ಕಾವು ಯಾರಿಗೆ ಬೇಕು? ಅಲ್ಲಿ ತಾಯಿಹಕ್ಕಿ ಕೂರುವುದು ಮೊಟ್ಟೆಗೆ ನೆರಳಾಗಲಿಕ್ಕೆ. ಬಿಸಿಲು ಏರಿದಂತೆ ಗಂಡು ಹೆಣ್ಣು ಸರದಿಯ ಮೇಲೆ ಹೋಗಿ ಹೊಟ್ಟೆಯನ್ನು ಹೊಳೆಯಲ್ಲಿ ತೋಯಿಸಿಕೊಂಡು ಬಂದು, ಹನಿಯುವ ಗರಿಗಳನ್ನು ಮೊಟ್ಟೆಯ ಮೇಲೆ ಹರಡಿ ಕೂರುತ್ತವೆ. ದಂಡೆಯ ಮೇಲೆ ಗೋಣಿತಟ್ಟಿನ ಮರೆ ಕಟ್ಟಿಕೊಂಡು ಅದರ ಹಿಂದೆ ಕೂತು ನಾನು ಇದನ್ನು ನೋಡುತ್ತಿದ್ದೆ. ಮೊದಲ ಸಲ ಹಾಗೆ ಹೊಟ್ಟೆ ತೋಯಿಸಿಕೊಂಡು ಬಂದ ಹಕ್ಕಿಯನ್ನು ನನಗೆ ತೋರಿಸಿದವರು ಪ್ರೊಫೆಸರೇ. ಅವತ್ತೇ ಅವರು ಹೇಳಿದ್ದರು, "ನೋಡವಾ, ಒಂದ ಮಾತು ತಲ್ಯಾಗ ಇಟ್ಕೋ. ಬಿಸಲ ಏರಿದ ಮ್ಯಾಲೆ ದಿಬ್ಬಕ್ಕ ಕಾಲ ಇಡಬಾರ್ದು. ನಾವು ಹೋದ್ರ ಅವು ಏಳತಾವ. ಅವು ಎದ್ರ ತತ್ತಿ ಬೇಯತಾವ."

ಆ ದಂಡೆಯಲ್ಲಿ ಒಂದೇ ಒಂದು ಮನೆಯಿತ್ತು. ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದವರ ಕುಲದ ಸಿದ್ದಿ ದಂಪತಿಗಳದು. ಗಂಡ ದಾಂಡೇಲಿಯ ನಾಟಾ ಡಿಪೋದಲ್ಲಿ ಮರದ ದಿಮ್ಮಿ ಹೊರುತ್ತಿದ್ದ. ಹೆಂಡತಿ ಮನೆಯ ಹಿಂದೆ ಮೆಣಸಿನಕಾಯಿ ಬೆಳೆದು, ಹೊಳೆಯಲ್ಲಿ ಬಲೆ ಹಾಕಿ, ಮೀನನ್ನು ದಾಂಡೇಲಿಯ ಸಂತೆಗೆ ಒಯ್ಯುತ್ತಿದ್ದಳು. ಇಬ್ಬರೂ ಭಾನುವಾರ ಇಗರ್ಜಿಗೆ ಹೋಗುವವರು. ಆಕೆಯ ಕೊರಳಲ್ಲಿ ಕರಿದಾರದ ಶಿಲುಬೆ. ಮನೆಯಲ್ಲಿ ಕೊಂಕಣಿ, ನನ್ನೊಡನೆ ಹಳಿಯಾಳದ ಕನ್ನಡ. ನಾನು ಆಕೆಯನ್ನು ಚಿಕ್ಕಮ್ಮನನ್ನು ಕರೆಯುವ ಹಾಗೆ ಮಾವಶಿ ಎನ್ನುತ್ತಿದ್ದೆ, ಆಕೆ ನನ್ನನ್ನು ಸಾಲಿಯ ಟೀಚರನ್ನು ಕರೆಯುವ ಹಾಗೆ ಅಕ್ಕೋರ ಎನ್ನುತ್ತಿದ್ದಳು. ಒಂದೇ ಮರದ ಕಾಂಡ ಕೊರೆದು ಮಾಡಿದ ದೋಣಿ ಅವರದು. ಅದರಲ್ಲಿ ನನ್ನನ್ನು ಆಳದ ನೀರಿಗೆ ಕರೆದೊಯ್ದು, ನಾನು ಬಾಟಲಿ ಮುಳುಗಿಸುವವರೆಗೆ ದೋಣಿ ಅಲುಗದಂತೆ ಹಿಡಿದುಕೊಳ್ಳುತ್ತಿದ್ದಳು. ಮಧ್ಯಾಹ್ನ ಗಂಜಿ ಕೊಟ್ಟರೆ ನಾನು ಕುಡಿಯುತ್ತಿದ್ದೆ, ಪಕ್ಕದಲ್ಲಿಟ್ಟ ಒಣಮೀನು ಮುಟ್ಟುತ್ತಿರಲಿಲ್ಲ.

"ಮೀನಾ ಹಿಡೀತೀರಿ, ಅಳೀತೀರಿ, ಹೊಟ್ಟಿ ಸೀಳಿ ನೋಡ್ತೀರಿ. ತಿನ್ನಾಕ ಮಾತ್ರ ಆಗೂದಿಲ್ಲ," ಎಂದು ನಗುತ್ತಿದ್ದಳು. "ಮೀನಿಗೆ ಭಾಳ ತ್ರಾಸ ಕೊಡೂ ಮಂದಿ ನೋಡ್ರಿ ನೀವು."

ಎರಡು ಬೇಸಿಗೆ ಹೀಗೆ ಕಳೆದವು. ಮೂರನೆಯ ಬೇಸಿಗೆಯಲ್ಲಿ ಸಮಿತಿ ಬಂತು.

ಯೋಜನೆಗೆ ಹಣ ಕೊಟ್ಟವರ ಕಡೆಯಿಂದ ನಾಲ್ಕಾರು ಜನ ಹಿರಿಯರು ಬಂದು ಕೆಲಸ ನೋಡಿ, ದಿಬ್ಬವನ್ನು ಕಾಯ್ದಿಡಬೇಕೋ ಬೇಡವೋ ಎಂದು ಅಭಿಪ್ರಾಯ ಕೊಡುವುದಿತ್ತು. ಸೂರ್ಯ ಹುಟ್ಟುವ ಹೊತ್ತಿಗೆ ಬಂದರೆ ಮರೆಯ ಹಿಂದಿನಿಂದ ಚೆನ್ನಾಗಿ ಕಾಣುತ್ತದೆ ಎಂದು ನಾನೇ ಪ್ರೊಫೆಸರಿಗೆ ಹೇಳಿ, ಅವರು ಒಪ್ಪಿ, ಹಾಗೆಯೇ ಗೊತ್ತಾಗಿತ್ತು. ನಾನು ಹಿಂದಿನ ದಿನವೇ ಬಂದು ಮಾವಶಿಯ ಮನೆಯಲ್ಲಿ ಉಳಿದಿದ್ದೆ. ಬೆಳಗಾಯಿತು, ಯಾರೂ ಬರಲಿಲ್ಲ. ಬಿಸಿಲು ಮರದ ತುದಿಯಿಂದ ಇಳಿದು ಮರಳಿಗೆ ಬಂತು. ಹಕ್ಕಿಗಳು ಹೊಟ್ಟೆ ತೋಯಿಸಲು ಹೋಗಿಬರುವುದಕ್ಕೆ ಶುರು ಮಾಡಿದವು. ನಡುಮಧ್ಯಾಹ್ನದ ಹೊತ್ತಿಗೆ ಎರಡು ಜೀಪು ಬಂದವು. ಅವರು ಇಳಿದುಕೊಂಡಿದ್ದ ಸರ್ಕಾರಿ ಬಂಗಲೆಯಲ್ಲಿ ತಿಂಡಿ ತಡವಾಯಿತಂತೆ, ಆಮೇಲೆ ಇಸ್ಪೀಟಿಗೆ ಕೂತರಂತೆ. ಜೀಪಿನಿಂದ ಸ್ಟೂಲುಗಳು ಇಳಿದವು, ದೊಡ್ಡ ಛತ್ರಿ ಇಳಿಯಿತು, ಊಟದ ಡಬ್ಬಿಗಳು ಇಳಿದವು.

ಬೆಂಗಳೂರಿನಿಂದ ಬಂದಿದ್ದ ಸದಸ್ಯರೊಬ್ಬರ ಕೊರಳಲ್ಲಿ ಮೊಳದುದ್ದದ ಕ್ಯಾಮೆರಾ. ಕಪ್ಪು ಹೊಟ್ಟೆಯ ರೀವ ಮೊಟ್ಟೆಯ ಪಕ್ಕ ನಿಂತ ಫೋಟೋ ಅವರಿಗೆ ಬೇಕಿತ್ತು. ಹತ್ತಿರದಿಂದ ಬೇಕಿತ್ತು.

ನಾನು ಪ್ರೊಫೆಸರನ್ನು ಪಕ್ಕಕ್ಕೆ ಕರೆದೆ. "ಸರ್, ಈಗ ಬ್ಯಾಡ್ರಿ. ಸಂಜಿ ಆಗ್ಲಿ. ತತ್ತಿ ಒಡೆಯೂ ಹೊತ್ತು ಬಂದೈತಿ."

"ಗೊತ್ತೈತವಾ," ಎಂದರು. "ಆದ್ರ ಇವರು ಸಂಜಿ ಗಾಡಿಗೆ ಹೊಂಟಾರ. ಮತ್ತ ಮತ್ತ ಬರೂ ಮಂದಿ ಅಲ್ಲ. ಒಂದ ಹತ್ತ ಮಿನಿಟು, ಅಷ್ಟ."

ಆ ಕಡೆಯ ಹೊಳೆ ಮೊಣಕಾಲಿನಷ್ಟೇ ಇತ್ತು. ಪ್ಯಾಂಟು ಮಡಚಿಕೊಂಡು, ಬೂಟು ಕೈಯಲ್ಲಿ ಹಿಡಿದು, ಮಕ್ಕಳ ಹಾಗೆ ನಗುತ್ತ ದಾಟಿದರು. ದಿಬ್ಬದ ಹಕ್ಕಿಗಳೆಲ್ಲ ಒಂದೇ ಸಲ ಎದ್ದವು. ಆ ಕೂಗನ್ನು ಕೇಳಿದ ಯಾರಿಗಾದರೂ ಅದು ಬೇಡಿಕೊಳ್ಳುವುದೆಂದು ಗೊತ್ತಾಗಬೇಕಿತ್ತು. "ಎಷ್ಟೊಂದು ಹಕ್ಕಿ, ಅದ್ಭುತ," ಎಂದು ಅವರಲ್ಲೊಬ್ಬರು ಹೇಳಿದ್ದು ನನಗೆ ದಂಡೆಗೆ ಕೇಳಿಸಿತು. ಹತ್ತು ಮಿನಿಟು ಆಯಿತು. ಹಕ್ಕಿ ಇಳಿಯಲಿಲ್ಲ, ಹಾಗಾಗಿ ಫೋಟೋ ಬರಲಿಲ್ಲ, ಹಾಗಾಗಿ ಅವರು ಕಾದರು. ಕಾಯುವಾಗ ಹಸಿವಾಯಿತು. ಅಲ್ಲೇ ಛತ್ರಿ ನೆಟ್ಟು, ಸ್ಟೂಲು ಹಾಕಿ, ಡಬ್ಬಿ ಬಿಚ್ಚಿದರು.

ನನಗೆ ತಡೆಯಲಾಗಲಿಲ್ಲ. ಮರೆಗೆ ಕಟ್ಟಿದ್ದ ಗೋಣಿತಟ್ಟನ್ನು ಕಿತ್ತುಕೊಂಡು ನೀರಿಗಿಳಿದು ದಾಟಿ, ಕಪ್ಪು ಹೊಟ್ಟೆಯವುಗಳ ಗೂಡುಗಳ ಮೇಲೆ ನಾಲ್ಕು ಕಲ್ಲಿಟ್ಟು ಅದನ್ನು ಹರಡಿದೆ. ಮರಳು ಚಪ್ಪಲಿಯ ಅಂಚಿನಿಂದ ಒಳಗೆ ನುಗ್ಗಿ ಪಾದ ಸುಡುತ್ತಿತ್ತು. ಒಂದು ಮೊಟ್ಟೆಯಲ್ಲಿ ಒಳಗಿನಿಂದ ಮರಿ ಕುಕ್ಕಿ ಬಿರುಕು ಬಿಟ್ಟಿತ್ತು.

ಕ್ಯಾಮೆರಾದವರು ಬಾಯಿ ಒರೆಸಿಕೊಳ್ಳುತ್ತ ಎದ್ದು ಬಂದರು. "ಇದೇನಮ್ಮಾ ಇದು? ತೆಗೀರಿ ಅದನ್ನ. ಗೋಣಿಚೀಲ ಫೋಟೋದಲ್ಲಿ ಬರುತ್ತೆ."

"ನೆಳ್ಳಿಗೆ ಹಾಕೇನ್ರಿ ಸರ್. ಇಲ್ಲಂದ್ರ ಸಾಯತಾವ."

ಅವರು ಪ್ರೊಫೆಸರ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನಿಮ್ಮ ಹುಡುಗಿ ಬಹಳ ಗಾಬರಿಯಾಗಿದ್ದಾಳೆ ಎಂದರು. ಪ್ರೊಫೆಸರು ಬಂದು ಬಗ್ಗಿ ತಮ್ಮ ಕೈಯಿಂದಲೇ ಆ ತಟ್ಟನ್ನು ಎತ್ತಿದರು. ನನ್ನ ಮುಖ ನೋಡದೆ, "ಹೋಗವಾ, ಚಾಕ್ಕ ಹೇಳಿ ಬಾ," ಎಂದರು.

ಚಹಾ ಆಗಲೇ ಕುದಿಯುತ್ತಿತ್ತು. ಬಂದ ತಕ್ಷಣ ಜೀಪಿನ ಡ್ರೈವರ್ ಮಾವಶಿಗೆ ಚಹಾಪುಡಿ, ಸಕ್ಕರೆ ಕೊಟ್ಟು ಒಲೆ ಹಚ್ಚಿಸಿದ್ದ. ಅವತ್ತು ಅವರು ಹೋಗುವವರೆಗೆ ಆಕೆ ಅಂಗಳ ಬಿಟ್ಟು ಅಲುಗಲಿಲ್ಲ. ಚಹಾ ಸೋಸಿದಳು, ನೀರು ತುಂಬಿಸಿ ಕೊಟ್ಟಳು, ಅವರು ಉಂಡ ಡಬ್ಬಿಗಳನ್ನು ತೊಳೆದಳು. ಬಿಸಿಲು ವಾಲಿದ ಮೇಲೆ ಅವರು ದಿಬ್ಬದಿಂದ ಇಳಿದು ಬಂದರು. ಯಾವುದೋ ಒಂದು ಹಕ್ಕಿ ತಡೆಯಲಾರದೆ ಇಳಿದು ಮೊಟ್ಟೆಯ ಹತ್ತಿರ ನಿಂತಿತ್ತಂತೆ, ಫೋಟೋ ಸಿಕ್ಕಿತ್ತು, ಎಲ್ಲರಿಗೂ ಖುಷಿ. ಮಾವಶಿಯ ಕೈಯಿಂದ ಬಟ್ಟಲು ತೆಗೆದುಕೊಂಡು ಚಹಾ ಚೆನ್ನಾಗಿದೆ ಎಂದರು.

ಮರುದಿನ ಬೆಳಕು ಹರಿಯುವ ಮೊದಲೇ ದಿಬ್ಬಕ್ಕೆ ಹೋದೆ. ಅಲ್ಲಿ ಕಂಡದ್ದನ್ನು ಹೆಚ್ಚು ವಿವರಿಸಲಾರೆ. ಮೊಟ್ಟೆಗಳು ಇದ್ದ ಹಾಗೇ ಇದ್ದವು, ಕಿವಿಗಿಟ್ಟುಕೊಂಡರೆ ಒಳಗೆ ಸದ್ದಿರಲಿಲ್ಲ. ಹಿಂದಿನ ವಾರ ಹೊರಬಂದಿದ್ದ ಮರಿಗಳು ಕಲ್ಲಿನ ನೆರಳು ಹುಡುಕುತ್ತ ಹೋಗಿ ದಾರಿಯಲ್ಲೇ ಒಣಗಿದ್ದವು. ಆ ಬಿರುಕು ಬಿಟ್ಟ ಮೊಟ್ಟೆಯಿಂದ ಒಂದು ಕೊಕ್ಕು ಹೊರಗೆ ಬಂದಿತ್ತು, ಅಷ್ಟೇ. ಕೆಲವು ಹಕ್ಕಿಗಳು ಸತ್ತ ಮೊಟ್ಟೆಯ ಮೇಲೆಯೇ ಇನ್ನೂ ಕೂತಿದ್ದವು. ಎರಡು ದಿನ ಹಾಗೆ ಕೂತು, ಆಮೇಲೆ ಎದ್ದು ಹೋದವು. ಕಾಗೆ ಬಂದವು, ನಾಯಿ ಬಂದವು. ವಾರದಲ್ಲಿ ದಿಬ್ಬ ಬರೀ ಗುಳಿಗಳ ಮರಳಾಗಿ ಉಳಿಯಿತು.

ನಾನು ಎಲ್ಲವನ್ನೂ ಪ್ರೊಫೆಸರಿಗೆ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ಅವರಿಗೆ ದುಃಖವಾಗಿದೆ ಎಂದುಕೊಂಡೆ. ಆಗಿದ್ದೀತು. ಆದರೆ ಸಮಿತಿಯವರಿಗೆ ದಿಬ್ಬ ಖಾಲಿಯಾಗಿದೆ ಎಂದು ಗೊತ್ತಾಗಿ, ಏನಾಯಿತೆಂದು ಅವರು ಕೇಳಿದಾಗ ಪ್ರೊಫೆಸರು ಕೊಟ್ಟ ಉತ್ತರ ಬೇರೆ. ದಂಡೆಯ ಮೇಲಿರುವ ಸಿದ್ದಿಗಳು ತತ್ತಿ ಒಯ್ದು ತಿಂದಿದ್ದಾರೆ, ಇಂಥ ಕಡೆ ಇದು ಮೊದಲಿನಿಂದಲೂ ಇರುವ ತೊಂದರೆ ಎಂದರು.

ಆ ಮಾತು ಮೇಲಿನಿಂದ ಕೆಳಗೆ ಇಳಿದು ಬಂತು. ಒಂದು ದಿನ ಕಾಡಿನ ಗಾರ್ಡ್ ಬಂದು ಮಾವಶಿಯ ದೋಣಿಯನ್ನು ಎಳೆಸಿಕೊಂಡು ಹೋದ. ಬಲೆಯನ್ನೂ ಒಯ್ದ. ಆಕೆಯನ್ನು ದಾಂಡೇಲಿಯ ಅರಣ್ಯ ಇಲಾಖೆಯ ಆಫೀಸಿಗೆ ಕರೆದೊಯ್ದು ಬೆಳಗಿನಿಂದ ಸಂಜೆಯವರೆಗೆ ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು. ಹೋಗಿಬರುವವರು, ಏನು ಮಾಡ್ಯಾಳ ಇಕಿ ಎಂದು ಕೇಳುವುದು, ತತ್ತಿ ಕಳವು ಮಾಡ್ಯಾಳ ಎಂದು ಗಾರ್ಡ್ ಹೇಳುವುದು, ಕೇಳಿದವರು ನಗುವುದು.

ನಾನು ಹೋದಾಗ ಆಕೆ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಬಾ ಎನ್ನಲಿಲ್ಲ. ಕೈಯಲ್ಲಿದ್ದದ್ದನ್ನು ಹರವಿ ಮುಗಿಸಿ ತಲೆಯೆತ್ತಿ, "ಅಕ್ಕೋರ, ಅವತ್ತ ನಾ ಎಲ್ಲಿದ್ದೆ?" ಎಂದು ಕೇಳಿದಳು.

"ಇಲ್ಲೇ ಇದ್ದಿ ಮಾವಶಿ."

"ನೀವು ನೋಡೀರಿ ಹೌದಲ್ಲೋ?"

"ನೋಡೇನಿ."

"ಹಂಗಾರ ಹೋಗಿ ಹೇಳ್ರಿ. ನಾ ಹೇಳಿದ್ರ ಯಾರು ಕೇಳ್ತಾರ? ನನ್ನ ಮಾರಿ ನೋಡಿದ ಕೂಡ್ಲೆ ಅವರು ಹೌದು ಅಂತ ತಿಳ್ಕೊಂಡ ಬಿಟ್ರು."

ಆ ಕೊನೆಯ ಮಾತು ನನ್ನನ್ನು ಇವತ್ತಿಗೂ ಉರಿಸುತ್ತದೆ. ಯಾಕೆಂದರೆ ಅದು ನಿಜ. ಪ್ರೊಫೆಸರು ಸುಳ್ಳು ಹೇಳುವುದಕ್ಕೆ ಬಹಳ ಕಷ್ಟಪಡಬೇಕಾಗಿರಲಿಲ್ಲ. ಕೇಳುವವರು ಒಬ್ಬರೂ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಆಕೆಯ ಕೈಯಿಂದ ಚಹಾ ಕುಡಿದವರೂ ಕೇಳಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಯಾರ ಗೊಡವೆಗೂ ಹೋಗದ ಮನುಷ್ಯ. ಅಂಗಡಿಯ ಮುಂದೆ ಜಗಳವಾದರೂ ಒಳಗೆ ಕೂತು ಕಾಳು ಅಳೆಯುವವನು. ಅವತ್ತು ಪೂರ್ತಿ ಕೇಳಿ, ಟೋಪಿ ತಲೆಗಿಟ್ಟುಕೊಂಡು, "ನಡಿ ಹೋಗೂಣು," ಎಂದ. ಸಂತೆಯ ದಿನ ಅಂಗಡಿ ಮುಚ್ಚಿ ಹೊರಟದ್ದನ್ನು ನೋಡಿ ಪೇಟೆಯವರು ಯಾರೋ ತೀರಿಕೊಂಡಿರಬೇಕು ಎಂದುಕೊಂಡರು.

ಆಫೀಸಿನಲ್ಲಿ ಸಾಹೇಬರು ಅಪ್ಪನಿಗೆ ಕುರ್ಚಿ ಕೊಟ್ಟರು. ನಾನು ಕಣ್ಣಾರೆ ಕಂಡದ್ದನ್ನು ಹೇಳಿದೆ. ಅವರು ಸಮಾಧಾನದಿಂದ ಕೇಳಿ, "ನೀವು ಹೇಳೂದು ಖರೆ ಇರಬಹುದ್ರಿ. ಆದ್ರ ನಿಮ್ಮ ಪ್ರೊಫೆಸರೇ ಹಿಂಗ ಹೇಳ್ಯಾರ. ಅವರ ಕಡಿಂದ ಮಾತು ಬದಲಿಸ್ಕೊಂಡ ಬರ್ರಿ, ದೋಣಿ ಬಿಡ್ತೇವಿ," ಎಂದರು.

"ಕಟ್ಟಿ ಮ್ಯಾಲೆ ಕುಂಡ್ರಿಸಿದ ಹೆಣಮಗಳಿಗೆ ಏನ ಕೊಡ್ತೀರಿ?" ಎಂದು ಅಪ್ಪ ಕೇಳಿದ. ಸಾಹೇಬರು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಮಾರನೆಯ ದಿನ ವಿಶ್ವವಿದ್ಯಾಲಯಕ್ಕೆ ಹೋದೆ. ಪ್ರೊಫೆಸರು ತಮ್ಮ ಕೋಣೆಯ ಬಾಗಿಲು ಹಾಕಿ ನನ್ನನ್ನು ಎದುರು ಕೂರಿಸಿಕೊಂಡರು. ಜೋರು ಮಾಡಲಿಲ್ಲ, ಬೇಡಿಕೊಳ್ಳುವ ದನಿಯಲ್ಲಿಯೇ ಮಾತಾಡಿದರು. "ನಾ ಏನ ಹೇಳಬೇಕಿತ್ತು ಹೇಳ. ನೀವ ಕೊಂದೀರಿ ಅಂತ ಅವರ ಮಾರಿಗೆ ಹೇಳಲ್ಯಾ? ನಾಳೆ ಯೋಜನೇನ ಬಂದ್ ಆಗತೈತಿ. ಆಮ್ಯಾಲೆ ಈ ಹೊಳೀನ ನೋಡಾಕ ಯಾರೂ ಇರೂದಿಲ್ಲ. ದೊಡ್ಡದು ಉಳೀಬೇಕಂದ್ರ ಸಣ್ಣದೊಂದು ಬಿಟ್ಟುಕೊಡಬೇಕಾಗತೈತಿ. ಆಕಿಗೆ ಏನ ಹೋತು, ಒಂದು ದೋಣಿ. ಸ್ವಲ್ಪ ದಿನ ಹೋಗ್ಲಿ, ನಾನ ಹೊಸಾದು ಮಾಡಿಸಿಕೊಡ್ತೇನಿ."

"ಕಳ್ಳಿ ಅನ್ನೂ ಹೆಸರು ಯಾರು ತಗದ ಹಾಕ್ತಾರ್ರಿ ಸರ್?"

"ಆ ಮಂದಿ ಇದನ್ನೆಲ್ಲ ಅಷ್ಟ ಮನಸಿಗೆ ಹಚ್ಚಿಕೊಳ್ಳೂದಿಲ್ಲವಾ."

ಅವರಿಂದ ಕಲಿತದ್ದೆಲ್ಲ ನನಗೆ ಆ ಕ್ಷಣ ಬಾಯಲ್ಲಿ ಕಹಿಯಾಯಿತು. ಹಕ್ಕಿಯೊಂದು ಹೊಟ್ಟೆ ತೋಯಿಸಿಕೊಂಡು ಬರುವುದನ್ನು ಕಂಡು ಕಣ್ಣು ತುಂಬಿಕೊಳ್ಳಬಲ್ಲವರು, ತಾವು ಎಷ್ಟೋ ಸಲ ನೀರು ಕುಡಿದ ಮನೆಯ ಹೆಂಗಸಿಗೆ ಮಾನವಿದೆ ಎಂದು ನಂಬಲಾರದವರಾಗಿದ್ದರು.

ಮಳೆಗಾಲಕ್ಕೆ ಮೊದಲು ವಿಭಾಗದ ಸಭಾಂಗಣದಲ್ಲಿ ಯೋಜನೆಯ ವಾರ್ಷಿಕ ಸಭೆ ನಡೆಯಿತು. ಸಮಿತಿಯವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಅಧ್ಯಾಪಕರು, ವಿದ್ಯಾರ್ಥಿಗಳು, ಹಿಂದೆ ಜವಾನರವರೆಗೂ ಜನ. ಪ್ರೊಫೆಸರು ಕಿಟಕಿಗೆ ಪರದೆ ಹಾಕಿಸಿ ಸ್ಲೈಡು ತೋರಿಸಿದರು. ಹೊಳೆ, ಬಂಡೆ, ನಾನು ನೀರು ತುಂಬುತ್ತಿರುವುದು. ಕೊನೆಗೆ ಕಪ್ಪು ಹೊಟ್ಟೆಯ ರೀವ. ಮೊಟ್ಟೆಯ ಪಕ್ಕ ರೆಕ್ಕೆ ಇಳಿಬಿಟ್ಟು, ಕೊಕ್ಕು ತೆರೆದು ನಿಂತಿದೆ. ಬಹಳ ಅಪರೂಪದ ಚಿತ್ರ, ಹಕ್ಕಿ ಕೂಗುತ್ತಿರುವ ಭಂಗಿಯಲ್ಲಿ ಸಿಕ್ಕಿದೆ ಎಂದರು. ಜನ ಚಪ್ಪಾಳೆ ತಟ್ಟಿದರು. ಕ್ಯಾಮೆರಾದವರು ಅರ್ಧ ಎದ್ದು ಕೈ ಮುಗಿದರು. ಆಮೇಲೆ ಪ್ರೊಫೆಸರು, ದುರ್ದೈವದಿಂದ ಸ್ಥಳೀಯರು ಮೊಟ್ಟೆ ಒಯ್ದದ್ದರಿಂದ ಈ ಗುಂಪು ನಾಶವಾಯಿತು ಎಂದರು. ದನಿ ಎಂದಿನಂತೆ ನಡುಗಿತು.

ನಾನು ಎದ್ದು ನಿಂತೆ. ಮೊದಲೇ ನಿರ್ಧರಿಸಿ ಬಂದಿದ್ದೆ.

"ಆ ಹಕ್ಕಿ ಕೂಗುತ್ತಿಲ್ಲ," ಎಂದೆ. "ಸೆಕೆಗೆ ತೇಕುತ್ತಿದೆ. ನಡುಮಧ್ಯಾಹ್ನ ಅದರ ಮೊಟ್ಟೆಯ ಹತ್ತಿರ ನೀವೆಲ್ಲ ಛತ್ರಿ ಹಾಕಿಕೊಂಡು ಊಟಕ್ಕೆ ಕೂತಿದ್ದಿರಿ. ನಾನು ಹಾಕಿದ ನೆರಳನ್ನು ತೆಗೆಸಿದಿರಿ. ಮೊಟ್ಟೆಗಳನ್ನು ಯಾರೂ ಒಯ್ಯಲಿಲ್ಲ. ಅವು ಅಲ್ಲೇ ಬೆಂದು ಸತ್ತವು, ಮರುದಿನ ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ನೀವು ಕಳ್ಳಿ ಅಂದ ಹೆಂಗಸು ಅವತ್ತು ನಿಮ್ಮ ಎಂಜಲು ಡಬ್ಬಿ ತೊಳೆಯುತ್ತಿದ್ದಳು."

ಕ್ಯಾಮೆರಾದವರು ನೆಲ ನೋಡುತ್ತಿದ್ದರು. ಸಭೆ ನಡೆಸುತ್ತಿದ್ದ ಹಿರಿಯರು ಕೆಮ್ಮಿ, ಇದು ಭಾವನಾತ್ಮಕ ವಿಷಯ, ಇದನ್ನು ಆಮೇಲೆ ಒಳಗೆ ಕೂತು ಮಾತಾಡೋಣ, ಮುಂದಿನ ಪ್ರಬಂಧ ಓದಲಿ ಎಂದರು. ಮುಂದಿನವನು ಎದ್ದು ಏಡಿಯ ಮೇಲಿನ ಪ್ರಬಂಧ ಓದಿದ. ಒಳಗೆ ಕೂತು ಯಾರೂ ಏನನ್ನೂ ಮಾತಾಡಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಅಧ್ಯಾಪಕರೊಬ್ಬರು ಆಚೀಚೆ ನೋಡಿ, "ಭಾಳ ಛಲೋ ಮಾಡಿದಿ," ಎಂದು ಪಿಸುಗುಟ್ಟಿ ಹೋದರು. ಇನ್ನೊಬ್ಬರು ಮೆಟ್ಟಿಲ ಮೇಲೆ ಸಿಕ್ಕು ಅದನ್ನೇ ಹೇಳಿದರು. ಇಬ್ಬರೂ ಸಭೆಯಲ್ಲಿದ್ದರು. ಇಬ್ಬರಿಗೂ ಬಾಯಿ ಇತ್ತು. ಪ್ರೊಫೆಸರ ಮೇಲಿನಷ್ಟೇ ಸಿಟ್ಟು ನನಗೆ ಅವರ ಮೇಲೂ ಬಂತು, ಇವತ್ತೂ ಇದೆ.

ಒಂದು ತಿಂಗಳಲ್ಲಿ ಪ್ರೊಫೆಸರು ನನಗೆ ಮಾರ್ಗದರ್ಶನ ಮಾಡಲು ಆಗುವುದಿಲ್ಲ ಎಂದು ತಿಳಿಸಿದರು. ಬೇರೆ ಯಾರೂ ತೆಗೆದುಕೊಳ್ಳಲು ಮುಂದೆ ಬರಲಿಲ್ಲ. ನನ್ನ ಬಾಟಲಿಗಳು, ಬಲೆ, ಹುಳ ಹಾಕಿಟ್ಟ ಶೀಷೆಗಳು ಎಲ್ಲ ಪ್ರಯೋಗಾಲಯದ್ದೇ ಆದ್ದರಿಂದ ಅಲ್ಲೇ ಉಳಿದವು. ನಾನು ಹಾಸಿಗೆ ಸುತ್ತಿಕೊಂಡು ಹಳಿಯಾಳಕ್ಕೆ ಬಂದೆ. ಅಜ್ಜಿ ಒಬ್ಬಳಿಗೇ ಸಂತೋಷವಾದದ್ದು.

ದೋಣಿ ಬಿಡಿಸಿದ್ದು ಅಪ್ಪ. ನ್ಯಾಯದಿಂದ ಬಿಡಿಸಿದ ಎನ್ನಲಾರೆ. ಸರಕು ತರಲು ದಾಂಡೇಲಿಗೆ ಹೋದಾಗಲೆಲ್ಲ ಆ ಆಫೀಸಿಗೆ ಹೋಗಿ, ಅದೇ ಕುರ್ಚಿಯಲ್ಲಿ ಕೂತು, ಅದೇ ಪ್ರಶ್ನೆ ಕೇಳಿ ಬರುತ್ತಿದ್ದ. ಬೇಸತ್ತ ಸಾಹೇಬರು ದಸರೆಯ ಸುಮಾರಿಗೆ, ಒಯ್ಯಿರಿ ಎಂದರು. ಮಳೆಗಾಲವೆಲ್ಲ ಬಯಲಿನಲ್ಲಿ ಮಗುಚಿ ಬಿದ್ದಿದ್ದ ದೋಣಿ ಒಂದು ಪಕ್ಕ ಸೀಳಿತ್ತು. ಬಲೆ ಸಿಗಲೇ ಇಲ್ಲ. ಮಾವಶಿಯ ಗಂಡ ಸೀಳಿಗೆ ತಗಡು ಹೊಡೆದು, ಡಾಂಬರು ಬಳಿದು ನೀರಿಗಿಳಿಸಿದ. ಆಕೆಯ ಹೆಸರಿಗೆ ಹತ್ತಿದ ಮಾತನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸಂತೆಯಲ್ಲಿ ಮೀನು ಕೊಳ್ಳುವವರು, ತತ್ತಿ ತಂದಿಲ್ಲೇನು ಎಂದು ಚೇಷ್ಟೆ ಮಾಡುತ್ತಿದ್ದರು. ಸ್ವಲ್ಪ ದಿನ ಸಹಿಸಿಕೊಂಡು ಆಕೆ ದಾಂಡೇಲಿಯ ಸಂತೆಯನ್ನೇ ಬಿಟ್ಟಳು. ತಲೆಯ ಮೇಲೆ ಬುಟ್ಟಿ ಹೊತ್ತು ಜೋಯಿಡಾದ ಕಡೆಯ ಹಳ್ಳಿಗಳಿಗೆ ಹೋಗತೊಡಗಿದಳು. ಅದು ಎರಡು ಪಟ್ಟು ದೂರ.

ನನ್ನ ಕೆಲಸ ಹೋದದ್ದನ್ನು ಹೇಳಿದಾಗ ಆಕೆ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು. "ಹೇಳಿದ್ರಲ್ಲ, ಅಷ್ಟ ಸಾಕ," ಎಂದಳು. "ಆದ್ರ ಹೇಳಿದ್ದಕ್ಕ ನಿಮ್ಮನ್ನ ಹೊರಗ ಹಾಕಿದ್ರು ಅಂದ್ರ, ಅದು ಸಾಲಿ ಅಲ್ಲ ಬಿಡ್ರಿ."

ಮುಂದಿನ ವರ್ಷ ಮುಂಡಗೋಡದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿಯಾದೆ. ಟಿಬೆಟನ್ ಕಾಲೊನಿಯ ಗೋವಿನಜೋಳದ ಹೊಲಗಳ ಬದಿಯ ದಾರಿಯಲ್ಲಿ ಸೈಕಲ್ಲು ತುಳಿದುಕೊಂಡು ಶಾಲೆಗೆ ಹೋಗಿಬರುವುದು. ಚಳಿಗಾಲದಲ್ಲಿ ಮಕ್ಕಳನ್ನು ಮಳಗಿಯ ಜಲಾಶಯಕ್ಕೆ ಕರೆದೊಯ್ದು, ದೂರ ಕೂರಿಸಿ, ಬಾತುಗಳನ್ನು ತೋರಿಸುತ್ತಿದ್ದೆ. ಹತ್ತಿರ ಹೋಗೋಣ ಅಕ್ಕೋರ ಎಂದು ಹಟ ಮಾಡಿದರೆ ಬೈಯುತ್ತಿದ್ದೆ. ನಾನು ಬಹಳ ಬಿರುಸು ಎಂದು ಹೆಸರಾಗಿತ್ತು. ಬೇಸಿಗೆ ರಜೆಯಲ್ಲಿ ಮೌಳಂಗಿಗೆ ಹೋಗುತ್ತಿದ್ದೆ. ಹೊಳೆರೀವಗಳು ಆ ದಿಬ್ಬವನ್ನು ಬಿಟ್ಟು ಮೇಲಿನ ಬಂಡೆಗಳ ಮೇಲೆ ಅಲ್ಲೊಂದು ಇಲ್ಲೊಂದು ಮೊಟ್ಟೆಯಿಡುತ್ತಿದ್ದವು. ಕಪ್ಪು ಹೊಟ್ಟೆಯವುಗಳನ್ನು ಆ ಹೊಳೆಯಲ್ಲಿ ನಾನು ಮತ್ತೆ ನೋಡಲಿಲ್ಲ. ಆ ಒಂದು ಮಧ್ಯಾಹ್ನದಿಂದಲೇ ಹೋದವು ಎಂದು ಹೇಳಲಾರೆ, ಬೇರೆ ಕಾರಣಗಳೂ ಇದ್ದಿರಬಹುದು. ಹಾಗೆಂದು ಆ ಮಧ್ಯಾಹ್ನವನ್ನು ಲೆಕ್ಕದಿಂದ ಬಿಡಲೂ ಆಗುವುದಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಹಳಿಯಾಳದ ಬಸ್ ನಿಲ್ದಾಣದಲ್ಲಿ ಪ್ರೊಫೆಸರು ಸಿಕ್ಕರು. ನಿವೃತ್ತರಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿ ತಾವೇ ಎದ್ದು ಬಂದರು. ಮನೆಯವರ ಕ್ಷೇಮ ಕೇಳಿದರು. ಆಮೇಲೆ ಚೀಲದ ಹಿಡಿಕೆ ತಿರುವುತ್ತ, "ನಾ ನಿನಗ ಅನ್ಯಾಯ ಮಾಡಿದೆ. ಮನಸಿನ್ಯಾಗ ಭಾಳ ಕೊರೀತೈತಿ. ಆವಾಗ ನನಗ ಬ್ಯಾರೆ ದಾರಿ ಇರಲಿಲ್ಲವಾ," ಎಂದರು.

ಅವರ ಕಣ್ಣು ತುಂಬಿದ್ದವು. ನನಗೆ ಮರುಕ ಬರಬೇಕಿತ್ತು, ಬರಲಿಲ್ಲ.

"ನನಗ ಹೇಳಬ್ಯಾಡ್ರಿ ಸರ್," ಎಂದೆ. "ಆಕಿ ಇನ್ನೂ ಅಲ್ಲೇ ಅದಾಳ. ಅದ ಮನಿ, ಅದ ದಂಡಿ. ಹೋಗಿ ಆಕಿಗೆ ಹೇಳ್ರಿ."

"ಹೌದು, ಹೋಗಬೇಕು. ಒಮ್ಮೆ ಹೋಗಬೇಕು," ಎಂದರು.

ಎದುರಿಗೆ ದಾಂಡೇಲಿಯ ಬಸ್ಸು ನಿಂತಿತ್ತು. ಬಾಗಿಲು ತೆರೆದಿತ್ತು, ಒಳಗೆ ಜಾಗವೂ ಇತ್ತು, ಕಂಡಕ್ಟರ್ ಊರಿನ ಹೆಸರು ಹಿಡಿದು ಕೂಗುತ್ತಿದ್ದ. ಪ್ರೊಫೆಸರು ಅದನ್ನು ನೋಡಿದರು. ನಾನೂ ನೋಡಿದೆ. ಅಷ್ಟರಲ್ಲಿ ಅವರ ಊರಿನ ಬಸ್ಸು ಬಂತು. ಚೀಲವನ್ನು ಎದೆಗೆ ಅವಚಿಕೊಂಡು ಅದನ್ನು ಹತ್ತಿ, ಕಿಟಕಿಯ ಪಕ್ಕ ಕೂತು, ನನ್ನ ಕಡೆ ಕೈ ಬೀಸಿದರು. ನಾನು ಕೈ ಎತ್ತಲಿಲ್ಲ.